ಎತ್ತಿ ಇಳಿಸುವ ಮಂಚ ಮತ್ತು ಅದಕ್ಕೆ ಒಗ್ಗುವ ಹಾಸಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗಳಲ್ಲಿ ಮಂಚ ಎಂದರೆ ತೇಗದ್ದೋ ಪ್ಲೈವುಡ್ಡಿನದ್ದೋ ಒಂದು ಚಪ್ಪಟೆ ಹಲಗೆ. ಹಲಗೆ ಅಲುಗುವುದಿಲ್ಲವಾದ್ದರಿಂದ ಅದರ ಮೇಲಿನ ಹಾಸಿಗೆ ಬಾಗುತ್ತದೆಯೇ ಇಲ್ಲವೇ ಎಂದು ಕೇಳುವ ಪ್ರಮೇಯವೇ ಇರಲಿಲ್ಲ. ಮೆತ್ತಗಿದೆಯೇ, ಗಟ್ಟಿಯಿದೆಯೇ, ಎಷ್ಟು ವರ್ಷ ಬಾಳುತ್ತದೆ ಎಂಬಷ್ಟರಲ್ಲೇ ವಿಚಾರಣೆ ಮುಗಿಯುತ್ತಿತ್ತು. ರಿಮೋಟ್ ಒತ್ತಿದರೆ ತಲೆಯೂ ಕಾಲೂ ಏಳುವ ಅಡ್ಜಸ್ಟಬಲ್ ಬೇಸ್ ಮನೆಗೆ ಬಂದಾಗ ಈ ಲೆಕ್ಕ ಬುಡಮೇಲಾಗುತ್ತದೆ. ಮನೆಯ ಹಿರಿಯರಿಗಾಗಿ ಇಂಥದ್ದೊಂದನ್ನು ಕೊಂಡು, ಮೊದಲ ಸಲ ತಪ್ಪಿ, ಎರಡನೆಯ ಸಲ ಸರಿಪಡಿಸಿಕೊಂಡ ಮೇಲೆ ನನ್ನನ್ನು ಬಂಧುಗಳೂ ಪರಿಚಿತರೂ ಕೇಳುತ್ತ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಅಡ್ಜಸ್ಟಬಲ್ ಬೇಸ್ ಎಂದರೆ ಏನು?

ಉಕ್ಕಿನ ಚೌಕಟ್ಟಿನ ಮೇಲೆ ಒಂದೇ ಹಲಗೆಯ ಬದಲು ನಾಲ್ಕೈದು ತುಂಡು ಹಲಗೆಗಳನ್ನು ಕೀಲುಗಳಿಂದ ಜೋಡಿಸಿರುತ್ತಾರೆ: ಬೆನ್ನಿಗೊಂದು, ಸೊಂಟದ ಕೆಳಗೆ ಅಲುಗದೆ ನಿಲ್ಲುವುದೊಂದು, ತೊಡೆಗೊಂದು, ಮೀನಖಂಡಕ್ಕೊಂದು. ಕೆಲವು ಮಾದರಿಗಳಲ್ಲಿ ಕತ್ತಿಗೆ ಪ್ರತ್ಯೇಕ ತುಂಡೂ ಇರುತ್ತದೆ. ಕೆಳಗಿರುವ ಮೋಟರ್ ಒಂದು ದಂಡವನ್ನು ನಿಧಾನವಾಗಿ ಮುಂದಕ್ಕೆ ತಳ್ಳುತ್ತದೆ, ದಂಡ ಹಲಗೆಯನ್ನು ಎತ್ತುತ್ತದೆ, ಯಂತ್ರಭಾಗ ಇಷ್ಟೇ. ಬೆನ್ನು ಸಾಮಾನ್ಯವಾಗಿ 60 ಡಿಗ್ರಿ ಅಥವಾ ಅದಕ್ಕೆ ತುಸು ಹೆಚ್ಚು, ಕಾಲು 30ರಿಂದ 45 ಡಿಗ್ರಿಯವರೆಗೆ ಏಳುತ್ತದೆ.

ಕಲ್ಪನೆ ಹೊಸದಲ್ಲ. ಅಮೆರಿಕದ ಶಸ್ತ್ರವೈದ್ಯ ವಿಲ್ಲಿಸ್ ಗ್ಯಾಚ್ 1909ರ ಸುಮಾರಿಗೆ ಮೂರು ಭಾಗಗಳ ಆಸ್ಪತ್ರೆ ಮಂಚವನ್ನು ರೂಪಿಸಿದರು. ರೋಗಿಯನ್ನು ಒರಗಿಸಿ ಕೂರಿಸುವ ಭಂಗಿಗೆ ಇನ್ನೊಬ್ಬ ಶಸ್ತ್ರವೈದ್ಯ ಜಾರ್ಜ್ ಫೌಲರ್ ಅವರ ಹೆಸರಿದೆ. ನಮ್ಮ ಊರಿನ ಸರ್ಜಿಕಲ್ ಅಂಗಡಿಗಳಲ್ಲಿ ‘ಫೌಲರ್ ಕಾಟ್’ ಎಂದು ಕರೆಯುವ, ಕಾಲಬಳಿ ಹಿಡಿಕೆ ತಿರುಗಿಸುವ ಕಬ್ಬಿಣದ ಮಂಚದ ಹೆಸರು ಅಲ್ಲಿಂದಲೇ ಬಂದದ್ದು.

ಹಾಗಾದರೆ ಫೌಲರ್ ಮಂಚವನ್ನೇ ತಂದರೆ ಆಗದೇ?

ಅನೇಕ ಸಂದರ್ಭಗಳಲ್ಲಿ ಅದೇ ಸರಿ. ರೋಗಿ ಹಾಸಿಗೆಯಿಂದ ತಾನಾಗಿ ಏಳಲಾರರು, ಮಗ್ಗುಲು ಬದಲಿಸಲು ಇನ್ನೊಬ್ಬರು ಬೇಕು ಎನ್ನುವ ಸ್ಥಿತಿಯಿದ್ದರೆ ಪಕ್ಕದ ಕಂಬಿ, ಚಕ್ರ, ಸಾಧ್ಯವಾದರೆ ಇಡೀ ಮಂಚವನ್ನೇ ಮೇಲೆ ಕೆಳಗೆ ಮಾಡುವ ಸೌಲಭ್ಯ ಇವೆಲ್ಲ ಅಗತ್ಯ. ಮನೆಬಳಕೆಯ ಅಡ್ಜಸ್ಟಬಲ್ ಬೇಸ್‌ಗಳಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಮಂಚದ ಎತ್ತರ ಬದಲಾಗದಿದ್ದರೆ ದಿನಕ್ಕೆ ಹತ್ತು ಸಲ ಬಗ್ಗಿ ಆರೈಕೆ ಮಾಡುವವರ ಸೊಂಟ ಬೇಗ ಸೋಲುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ಒಂದೆರಡು ತಿಂಗಳ ಮಾತಾದರೆ ಬಾಡಿಗೆಗೆ ತನ್ನಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ತಿಂಗಳ ಬಾಡಿಗೆಗೆ ಸಿಗುತ್ತದೆ. ಒಂದು ಹಿಡಿಕೆಯಿದ್ದರೆ ಸೆಮಿ ಫೌಲರ್, ಬೆನ್ನು ಮಾತ್ರ ಏಳುತ್ತದೆ. ಎರಡಿದ್ದರೆ ಫುಲ್ ಫೌಲರ್, ಮಂಡಿಯೂ ಏಳುತ್ತದೆ. ಅದರೊಂದಿಗೆ ರೆಕ್ಸಿನ್ ಹೊದಿಕೆಯ, ನಾಲ್ಕು ತುಂಡಾಗಿ ಮಡಿಸಬಹುದಾದ ಫೋಮ್ ಹಾಸಿಗೆಯನ್ನು ಕೊಡುತ್ತಾರೆ. ಆ ಹಾಸಿಗೆ ಯಾಕೆ ತುಂಡು ತುಂಡಾಗಿದೆ ಎಂದು ಯೋಚಿಸಿದವರಿಗೆ ಈ ಪುಟದ ಅರ್ಧ ವಿಷಯ ಆಗಲೇ ತಿಳಿದಂತೆ.

ತಾವೇ ಎದ್ದು ಓಡಾಡುವವರಿಗೆ, ಆದರೆ ಮಲಗಿದಾಗ ಎದೆಯುರಿ, ಕಾಲೂತ, ಏಳುವಾಗ ಸೊಂಟ ಹಿಡಿಯುವುದು ಇತ್ಯಾದಿ ಇರುವವರಿಗೆ, ಮನೆಯ ಮಲಗುವ ಕೋಣೆ ಆಸ್ಪತ್ರೆಯ ವಾರ್ಡಿನಂತೆ ಕಾಣಬಾರದು ಎನ್ನುವವರಿಗೆ ಅಡ್ಜಸ್ಟಬಲ್ ಬೇಸ್ ಹೊಂದುತ್ತದೆ.

ಯಾವ ತೊಂದರೆಗಳಿಗೆ ಇದು ನಿಜವಾಗಿ ಉಪಯೋಗ?

ಎದೆಯುರಿಗೆ ಉಪಯೋಗವಿದೆ. ಹೊಟ್ಟೆಯ ಆಮ್ಲ ರಾತ್ರಿ ಮೇಲೇರುವವರಿಗೆ ಮಂಚದ ತಲೆಯ ಕಡೆಯನ್ನು 15ರಿಂದ 20 ಸೆಂಟಿಮೀಟರ್ ಎತ್ತರಿಸಿಕೊಳ್ಳಿ ಎಂದು ವೈದ್ಯರು ಬಹುಕಾಲದಿಂದ ಹೇಳುತ್ತಿದ್ದಾರೆ. ಬೆನ್ನಿನ ಹಲಗೆ ಸುಮಾರು 75 ಸೆಂಟಿಮೀಟರ್ ಉದ್ದವಿದ್ದರೆ ಇಷ್ಟು ಎತ್ತರಕ್ಕೆ 12ರಿಂದ 15 ಡಿಗ್ರಿ ಬಾಗು ಸಾಕು. ಕೊಂಡ ಹೊಸತರಲ್ಲಿ ಜನ 40 ಡಿಗ್ರಿ ಎತ್ತಿ ಮಲಗುತ್ತಾರೆ, ರಾತ್ರಿಯೆಲ್ಲ ಕೆಳಗೆ ಜಾರುತ್ತಾರೆ, ಸೊಂಟದಲ್ಲಿ ಮಡಿಚಿಕೊಂಡ ದೇಹ ಹೊಟ್ಟೆಯನ್ನೇ ಒತ್ತಿ ಎದೆಯುರಿ ಹೆಚ್ಚಾಯಿತು ಎಂದು ಬೆಳಿಗ್ಗೆ ದೂರುತ್ತಾರೆ. ಕೀಲು ಇರುವ ಜಾಗಕ್ಕೆ ಸರಿಯಾಗಿ ಸೊಂಟ ಬರುವಂತೆ ಮೇಲೆ ಸರಿದು ಮಲಗಬೇಕು. ಮೊದಲು ಮಂಡಿಯ ಭಾಗವನ್ನು ತುಸು ಎತ್ತಿ, ಆಮೇಲೆ ಬೆನ್ನನ್ನು ಎತ್ತಬೇಕು. ಈ ಕ್ರಮವನ್ನು ದಾದಿಯರು ಚೆನ್ನಾಗಿ ಬಲ್ಲರು, ಅಂಗಡಿಯವರು ಹೇಳುವುದು ಕಡಿಮೆ.

ಗೊರಕೆ ಕೆಲವರಲ್ಲಿ ತಗ್ಗುತ್ತದೆ. ಆದರೆ ನಿದ್ದೆಯಲ್ಲಿ ಉಸಿರು ಕಟ್ಟಿ ನಿಲ್ಲುವ ಸ್ಲೀಪ್ ಆಪ್ನಿಯ ಇದ್ದವರಿಗೆ ವೈದ್ಯರು ಹೇಳಿದ, ಮುಖವಾಡದ ಮೂಲಕ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಯಂತ್ರದ ಬದಲಿಗೆ ಇದನ್ನು ಬಳಸುವಂತಿಲ್ಲ. ಚಪ್ಪಟೆ ಮಲಗಿದರೆ ಉಸಿರಾಡಲಾಗದು, ಎರಡು ಮೂರು ದಿಂಬು ಬೇಕೇ ಬೇಕು ಎನ್ನುವ ಸ್ಥಿತಿ ಹೊಸದಾಗಿ ಬಂದಿದ್ದರೆ ಮಂಚದ ಅಂಗಡಿಗಲ್ಲ, ಮೊದಲು ಹೃದಯದ ವೈದ್ಯರಲ್ಲಿಗೆ ಹೋಗಬೇಕು.

ಎರಡು ಎಚ್ಚರಿಕೆಗಳನ್ನು ತುಸು ವಿವರವಾಗಿ ಹೇಳಬೇಕು. ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಆದವರು ಮಂಡಿಯ ಕೆಳಗೆ ದಿಂಬಿಟ್ಟು ಮಲಗಬಾರದೆಂದು ಹೇಳಿ ಕಳಿಸುತ್ತಾರೆ, ಏಕೆಂದರೆ ಮಡಿಚಿದ ಭಂಗಿಯಲ್ಲೇ ಕೀಲು ಬಿಗಿದುಕೊಂಡು ಕಾಲು ಪೂರ್ತಿ ನೀಳವಾಗದೇ ಹೋಗಬಹುದು. ಅಡ್ಜಸ್ಟಬಲ್ ಬೇಸ್‌ನ ಕಾಲುಭಾಗ ಬಾಗುವುದೇ ಮಂಡಿಯಲ್ಲಿ. ಹಾಯೆನಿಸುತ್ತದೆ ಎಂದು ಇಡೀ ರಾತ್ರಿ ಹಾಗೆ ಮಲಗಿದರೆ ಮೆತ್ತನೆಯ ಯಂತ್ರದಿಂದ ಅದೇ ತಪ್ಪನ್ನು ಮಾಡಿದ ಹಾಗಾಗುತ್ತದೆ. ಎರಡನೆಯದು ಬೆನ್ನುಹುಣ್ಣು. ಬಹಳ ಹೊತ್ತು ಮಲಗಿಯೇ ಇರುವವರ ತಲೆಯ ಕಡೆಯನ್ನು 30 ಡಿಗ್ರಿಗಿಂತ ಹೆಚ್ಚು ಎತ್ತಿಟ್ಟರೆ ದೇಹ ಕೆಳಗೆ ಜಾರಲೆಳಸುತ್ತದೆ, ಚರ್ಮ ಹಾಸಿಗೆಗೆ ಅಂಟಿಕೊಂಡು ಹಿಂದೆ ಉಳಿಯುತ್ತದೆ. ಈ ಎಳೆತದಿಂದ ಬೆನ್ನಿನ ಬುಡದಲ್ಲಿ ಹುಣ್ಣಾಗುತ್ತದೆ. ಊಟದ ಹೊತ್ತಿಗೆ ಎತ್ತಿ, ಆಮೇಲೆ ಇಳಿಸಬೇಕು.

ಹಾಸಿಗೆ ಬಾಗದಿದ್ದರೆ ಏನಾಗುತ್ತದೆ? ಭಾರಕ್ಕೆ ತಾನಾಗಿ ಬಗ್ಗುವುದಿಲ್ಲವೇ?

ನಾನು ಹಾಗೆಂದೇ ನಂಬಿದ್ದೆ. ಮನೆಯಲ್ಲಿ ಆರೇಳು ವರ್ಷದ, ಇನ್ನೂ ಗಟ್ಟಿಮುಟ್ಟಾಗಿದ್ದ ತೆಂಗಿನ ನಾರಿನ ಹಾಸಿಗೆಯಿತ್ತು. ಅದಕ್ಕೆ ಮತ್ತೆ ಹಣ ಹಾಕುವುದೇಕೆಂದು ಬೇಸ್ ಮಾತ್ರ ತರಿಸಿದೆ. ಅಂಗಡಿಯವರೂ ‘ಯಾವುದಾದರೂ ನಡೆಯುತ್ತದೆ ಸಾರ್’ ಎಂದಿದ್ದರು. ತಲೆಭಾಗವನ್ನು ಎತ್ತಿದಾಗ ಹಾಸಿಗೆ ಹಲಗೆಯ ತುದಿಗೂ ಕಾಲಿನ ಬದಿಗೂ ಸೇತುವೆಯ ಹಾಗೆ ನಿಂತಿತು. ಸೊಂಟದ ಕೀಲಿನ ಮೇಲೆ ನನ್ನ ಮೊಣಕೈವರೆಗೆ ತೂರುವಷ್ಟು ಟೊಳ್ಳು. ಮಲಗಿದವರ ಸೊಂಟದ ಭಾರಕ್ಕೆ ಆ ಟೊಳ್ಳು ಅರ್ಧ ತುಂಬಿತು, ಅರ್ಧ ಹಾಗೇ ಉಳಿಯಿತು. ಸೊಂಟಕ್ಕೆ ಆಧಾರ ಬೇಕೆಂದು ಕೊಂಡ ಮಂಚದಲ್ಲಿ ಸೊಂಟದ ಕೆಳಗೇ ಏನೂ ಇಲ್ಲ. ಎರಡು ವಾರದಲ್ಲಿ ಹಾಸಿಗೆಯ ನಡುವೆ ನಾರು ಮುರಿದು ಒಂದು ಗೆರೆ ಮೂಡಿತು, ಬೆಳಿಗ್ಗೆ ಗುಡಿಸಿದರೆ ಮಂಚದ ಕೆಳಗೆ ಕಂದು ಪುಡಿ.

ಇದರ ಹಿಂದಿನ ಲೆಕ್ಕ ಸುಲಭ. ಹಾಸಿಗೆ ಬಾಗುವಾಗ ಮೇಲ್ಮೈ ಒಳಮಗ್ಗುಲಾಗುತ್ತದೆ, ತಳ ಹೊರಮಗ್ಗುಲಾಗುತ್ತದೆ. ಒಳಗಿನ ದಾರಿ ಚಿಕ್ಕದು, ಹೊರಗಿನ ದಾರಿ ದೊಡ್ಡದು. 60 ಡಿಗ್ರಿ ಬಾಗಿದರೆ ಈ ಎರಡರ ಅಂತರ ಹಾಸಿಗೆಯ ದಪ್ಪಕ್ಕಿಂತ ತುಸು ಹೆಚ್ಚೇ ಆಗುತ್ತದೆ: 6 ಇಂಚಿನ ಹಾಸಿಗೆಗೆ ಸುಮಾರು 6.3 ಇಂಚು, 8 ಇಂಚಿನದಕ್ಕೆ 8.4 ಇಂಚು, 12 ಇಂಚಿನದಕ್ಕೆ 12.6 ಇಂಚು. ಇಷ್ಟು ಉದ್ದವನ್ನು ಮೇಲ್ಭಾಗ ಕುಗ್ಗಿಯೋ ಕೆಳಭಾಗ ಹಿಗ್ಗಿಯೋ ಹೊಂದಿಸಿಕೊಳ್ಳಬೇಕು. ಹಿಗ್ಗಲು ಕುಗ್ಗಲು ಒಪ್ಪುವ ವಸ್ತು ಹಲಗೆಗೆ ಅಂಟಿ ಕೂರುತ್ತದೆ. ಒಪ್ಪದ ವಸ್ತು ಮೊದಲು ಸೇತುವೆಯಾಗಿ ನಿಲ್ಲುತ್ತದೆ, ಬಲವಂತ ಮಾಡಿದರೆ ಮುರಿಯುತ್ತದೆ. ಹಾಸಿಗೆಯ ಬೆಲೆ, ಹೆಸರು, ಹತ್ತು ವರ್ಷದ ವಾರಂಟಿ ಇವು ಯಾವುವೂ ಈ ಲೆಕ್ಕವನ್ನು ಬದಲಿಸುವುದಿಲ್ಲ.

ಲೇಟೆಕ್ಸ್ ಹೇಗೆ?

ಬಾಗುವಿಕೆ ಒಂದನ್ನೇ ನೋಡಿದರೆ ನನ್ನ ಮೊದಲ ಆಯ್ಕೆ ಇದೇ. ರಬ್ಬರಿನ ಸ್ವಭಾವವೇ ಹಿಗ್ಗಿ ಮತ್ತೆ ಮೊದಲಿನ ಆಕಾರಕ್ಕೆ ಬರುವುದು. ದಿನಕ್ಕೆ ನಾಲ್ಕು ಸಲ ಎತ್ತಿ ಇಳಿಸಿದರೂ ಅದು ಮಡಿಕೆಯ ಗುರುತನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮರದ ಹಾಲನ್ನು ನೊರೆಯಾಗುವಂತೆ ಕಡೆದು, ಅಚ್ಚಿಗೆ ಹೊಯ್ದು, ಹಬೆಯಲ್ಲಿ ಬೇಯಿಸುವ ಡನ್‌ಲಪ್ ವಿಧಾನ 1929ರಷ್ಟು ಹಳೆಯದು. ನಮ್ಮ ಇಡ್ಲಿಯ ಕ್ರಮಕ್ಕೂ ಇದಕ್ಕೂ ದೂರವೇನಿಲ್ಲ. ಅಚ್ಚಿನೊಳಗೆ ಶಾಖ ಸಮನಾಗಿ ಹರಡಲೆಂದು ಸಾಲು ಸಾಲು ಕಡ್ಡಿಗಳಿರುತ್ತವೆ, ಅವುಗಳ ಗುರುತೇ ಲೇಟೆಕ್ಸ್ ಹಾಳೆಯ ತುಂಬ ಕಾಣುವ ತೂತುಗಳು. ಈ ವಿಧಾನದಲ್ಲಿ ತಳದ ಕಡೆ ತುಸು ಗಟ್ಟಿಯಾಗಿರುವುದುಂಟು. ಟಲಾಲೆ ಎಂಬ ಇನ್ನೊಂದು ವಿಧಾನದಲ್ಲಿ ಅಚ್ಚಿನ ಗಾಳಿಯನ್ನು ಹೀರಿ, ನೊರೆಯನ್ನು ಮೊದಲು ಹೆಪ್ಪುಗಟ್ಟಿಸಿ, ಆಮೇಲೆ ಬೇಯಿಸುತ್ತಾರೆ. ಅದು ಮೆತ್ತಗೆ, ಹಗುರ, ದುಬಾರಿ.

ಕಚ್ಚಾವಸ್ತು ನಮಗೆ ಅಪರಿಚಿತವಲ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ತೋಟಗಳಲ್ಲಿ ಬೆಳಗಿನ ಜಾವ ರಬ್ಬರ್ ಟ್ಯಾಪ್ ಮಾಡುವುದನ್ನು ನೋಡಿದವರಿಗೆ ಆ ಹಾಲಿನ ವಾಸನೆಯೂ ಗೊತ್ತು. ಹೊಸ ಲೇಟೆಕ್ಸ್ ಹಾಸಿಗೆಯಿಂದ ಕೆಲದಿನ ಬರುವ ವಾಸನೆ ಅದರದೇ ದೂರದ ಬಂಧು. ಕಿಟಕಿ ತೆರೆದಿಟ್ಟರೆ ಹೋಗುತ್ತದೆ. ಲೇಟೆಕ್ಸ್ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಕೊಳ್ಳಬಾರದು.

ಇದರ ದೋಷ ತೂಕ. ಘನಮೀಟರಿಗೆ 80 ಕಿಲೋ ಸಾಂದ್ರತೆಯ ಲೇಟೆಕ್ಸಿನಲ್ಲಿ 78×72 ಇಂಚು ಅಳತೆಯ, 8 ಇಂಚು ದಪ್ಪದ ಹಾಸಿಗೆ ಮಾಡಿದರೆ ಸುಮಾರು 59 ಕಿಲೋ ತೂಗುತ್ತದೆ. ಅದೇ ಅಳತೆಗೆ 40 ಸಾಂದ್ರತೆಯ ಫೋಮ್ ಸುಮಾರು 29 ಕಿಲೋ. ‘ಲೇಟೆಕ್ಸ್ ಹಾಸಿಗೆ’ ಎಂದು ಮಾರುವ ಅನೇಕವುಗಳಲ್ಲಿ ಮೇಲಿನ ಒಂದೆರಡು ಇಂಚು ಮಾತ್ರ ಲೇಟೆಕ್ಸ್ ಇದ್ದು, ಕೆಳಗೆಲ್ಲ ಬೇರೇನೋ ಇರುತ್ತದೆ. ಬಾಗುವ ಪ್ರಶ್ನೆಗೆ ಉತ್ತರ ಇರುವುದು ಆ ಬೇರೇನೋದರಲ್ಲಿ.

ಮೆಮೊರಿ ಫೋಮ್?

ಚೆನ್ನಾಗಿ ಬಾಗುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ಏಮ್ಸ್ ಕೇಂದ್ರದ ಕೆಲಸಕ್ಕಾಗಿ 1966ರಲ್ಲಿ ಚಾರ್ಲ್ಸ್ ಯೋಸ್ಟ್ ರೂಪಿಸಿದ ಈ ಫೋಮ್ ವಿಮಾನದ ಆಸನಗಳಿಗೆಂದು ಹುಟ್ಟಿದ್ದು. ಒತ್ತಿದರೆ ನಿಧಾನವಾಗಿ ಕುಸಿದು ನಿಧಾನವಾಗಿ ಏಳುತ್ತದೆ. ಶಾಖಕ್ಕೆ ಮೆತ್ತಗಾಗುವುದು, ಚಳಿಗೆ ಬಿರುಸಾಗುವುದು ಇದರ ಗುಣ. ಅಂಗಡಿಯ ಎಸಿಯಲ್ಲಿ ಒತ್ತಿ ನೋಡಿದ ಹಾಸಿಗೆ ರಾಯಚೂರಿನ ಏಪ್ರಿಲ್‌ನಲ್ಲಿ ಬೇರೆ, ಮಡಿಕೇರಿಯ ಡಿಸೆಂಬರ್‌ನಲ್ಲಿ ಬೇರೆ. ಸೆಕೆಯ ಊರಿನವರು, ಅದರಲ್ಲೂ ಬೆವರು ಆರದ ಕರಾವಳಿಯವರು, ಹಾಸಿಗೆಯ ಪೂರ್ತಿ ದಪ್ಪ ಇದೇ ಆಗಿರುವುದನ್ನು ಕೊಳ್ಳದೆ ಮೇಲಿನ ಎರಡು ಇಂಚಿಗೆ ಸೀಮಿತಗೊಳಿಸುವುದು ಒಳ್ಳೆಯದು. ಸಾಂದ್ರತೆ 50ಕ್ಕಿಂತ ಕಡಿಮೆಯಿದ್ದರೆ ಬೇಗ ತಗ್ಗು ಬೀಳುತ್ತದೆ. ಇನ್ನೊಂದು ತೊಡಕು ಹಿರಿಯರದು: ದೇಹ ಹೂತುಕೊಂಡ ಜಾಗದಿಂದ ಹೊರಳಲು, ಏಳಲು ಅವರಿಗೆ ಹೆಚ್ಚು ಶ್ರಮವಾಗುತ್ತದೆ.

ಸಾಧಾರಣ ಫೋಮ್ ಸಾಕಾಗುವುದಿಲ್ಲವೇ?

ಸಾಕಾಗುತ್ತದೆ, ಮತ್ತು ಬಜೆಟ್ ಬಿಗಿಯಿದ್ದರೆ ಇದೇ ಜಾಣತನ. ಎಚ್‌ಆರ್ ಫೋಮ್ ಎಂದು ಕರೆಯುವ, ಬೇಗ ಪುಟಿದೇಳುವ ಪಾಲಿಯುರೆಥೇನ್ ಫೋಮ್, 40ರ ಆಸುಪಾಸಿನ ಸಾಂದ್ರತೆಯದು, ಆರೆಂಟು ಇಂಚು ದಪ್ಪವಿದ್ದರೆ ಬೇಸ್ ಹೇಳಿದಂತೆ ಕೇಳುತ್ತದೆ. ನಮ್ಮ ಮನೆಯಲ್ಲಿ ಕೊನೆಗೆ ಉಳಿದದ್ದು ಹೀಗೆ ಮಾಡಿಸಿದ್ದೇ: ಕೆಳಗೆ 5 ಇಂಚು ಎಚ್‌ಆರ್ ಫೋಮ್, ಮೇಲೆ 2 ಇಂಚು ಲೇಟೆಕ್ಸ್, ಜಿಪ್ ಇರುವ ಹತ್ತಿಯ ಹೊದಿಕೆ. ಸಾಂದ್ರತೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸಾಂದ್ರತೆ ಬೇರೆ, ಗಟ್ಟಿತನ ಬೇರೆ ಎಂಬುದನ್ನೂ ನೆನಪಿಡಿ. ಹೆಚ್ಚು ಸಾಂದ್ರತೆಯ ಫೋಮ್ ಮೆತ್ತಗೂ ಇರಬಹುದು.

ಸ್ಪ್ರಿಂಗ್ ಹಾಸಿಗೆಗಳು ಪೂರ್ತಿ ನಿಷಿದ್ಧವೇ?

ಎರಡು ಜಾತಿಯ ಸ್ಪ್ರಿಂಗ್‌ಗಳನ್ನು ಬೇರೆ ಮಾಡಿ ನೋಡಬೇಕು. ಬೊನೆಲ್ ಎಂಬ ಹಳೆಯ ಪದ್ಧತಿಯಲ್ಲಿ ನಡುಸಣ್ಣದ ಸುರುಳಿಗಳನ್ನೆಲ್ಲ ಒಂದಕ್ಕೊಂದು ತಂತಿಯಿಂದ ಹೆಣೆದು, ಅಂಚಿನ ಸುತ್ತ ದಪ್ಪ ಸರಳನ್ನು ಕಟ್ಟಿರುತ್ತಾರೆ. ಅದು ಒಂದೇ ಕಬ್ಬಿಣದ ಚೌಕಟ್ಟು. ಬಗ್ಗಿಸಿದರೆ ಸರಳು ಶಾಶ್ವತವಾಗಿ ಸೊಟ್ಟಗಾಗುತ್ತದೆ, ಬೇಸ್‌ನ ಮೋಟರಿಗೂ ಭಾರ. ಪಾಕೆಟ್ ಸ್ಪ್ರಿಂಗ್‌ನಲ್ಲಿ ಪ್ರತಿ ಸುರುಳಿಯೂ ತನ್ನದೇ ಬಟ್ಟೆಯ ಚೀಲದೊಳಗಿದ್ದು ಪಕ್ಕದ್ದರ ಹಂಗಿಲ್ಲದೆ ಕುಸಿಯುತ್ತದೆ, ಆದ್ದರಿಂದ ಬಾಗುತ್ತದೆ. ಆದರೆ ಪಾಕೆಟ್ ಸ್ಪ್ರಿಂಗ್ ಎಂದ ಮಾತ್ರಕ್ಕೆ ನಂಬಬೇಡಿ. ಕೆಲವು ತಯಾರಕರು ಅದರ ಸುತ್ತಲೂ ಅಂಚಿನ ಸರಳನ್ನು ಕಟ್ಟುತ್ತಾರೆ. ಹಾಸಿಗೆಯ ಮೂಲೆಯನ್ನು ಎರಡೂ ಕೈಯಿಂದ ಹಿಡಿದು ಒಳಕ್ಕೆ ಮಡಿಚಿ ನೋಡಿ: ಅಂಚಿನಲ್ಲಿ ಫೋಮ್ ಮಾತ್ರ ಇದ್ದರೆ ಮಡಿಯುತ್ತದೆ, ಸರಳಿದ್ದರೆ ಅಂಗೈಗೆ ತಾಗುತ್ತದೆ.

ತೆಂಗಿನ ನಾರು, ರೀಬಾಂಡೆಡ್ ಫೋಮ್, ಹತ್ತಿ: ನಮ್ಮಲ್ಲಿ ಹೆಚ್ಚಾಗಿ ಇರುವುದು ಇವೇ ಅಲ್ಲವೇ?

ಹೌದು, ಕಷ್ಟವಿರುವುದೂ ಇಲ್ಲಿಯೇ. ತೆಂಗಿನ ನಾರಿಗೆ ರಬ್ಬರ್ ಹಾಲನ್ನು ಸಿಂಪಡಿಸಿ, ಒತ್ತಿ, ಹಲಗೆಯಂತೆ ಮಾಡಿದ ಕಾಯರ್ ಹಾಸಿಗೆ ಚಪ್ಪಟೆ ಮಂಚಕ್ಕೆ ಯೋಗ್ಯವಾದದ್ದು. ಗಾಳಿಯಾಡುತ್ತದೆ, ಬೆವರು ಹಿಡಿಯುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಬಾಗುವ ಮಂಚದ ಮೇಲೆ ಮಾತ್ರ ಸಲ್ಲದು, ಕಾರಣವನ್ನು ಮೇಲೆ ನನ್ನ ಖರ್ಚಿನಲ್ಲೇ ಹೇಳಿದ್ದೇನೆ. ಫೋಮಿನ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಬಣ್ಣಬಣ್ಣದ ರೀಬಾಂಡೆಡ್ ಫೋಮ್ ಕೂಡ ದಪ್ಪವಿದ್ದರೆ ಬಾಗಲು ಒಪ್ಪುವುದಿಲ್ಲ. ‘ಆರ್ಥೋ’ ಎಂಬ ಚೀಟಿ ಹಚ್ಚಿದ ಬಹಳಷ್ಟು ಹಾಸಿಗೆಗಳ ಹೊಟ್ಟೆಯಲ್ಲಿ ಇರುವುದು ಈ ಎರಡರಲ್ಲಿ ಒಂದು. ಜಿಪ್ ತೆಗೆದು ನೋಡದೆ ಹಣ ಕೊಡಬೇಡಿ.

ಹತ್ತಿಯ ಗಾದಿ ಬಾಗುತ್ತದೆ, ಆದರೆ ಒಳಗಿನ ಹತ್ತಿ ಸರಿಯುತ್ತದೆ. ತಲೆಭಾಗ ದಿನವೂ ಎದ್ದರೆ ಹತ್ತಿ ಮೆಲ್ಲಗೆ ಜಾರಿ ಸೊಂಟದ ಕೀಲಿನಲ್ಲಿ ಗಂಟಾಗುತ್ತದೆ. ಹಿಂದೆ ಪಿಂಜಾರರು ಬಿಲ್ಲಿನ ತಂತಿ ಮೀಟುತ್ತ ಮನೆಯಂಗಳದಲ್ಲಿ ಹತ್ತಿಯನ್ನು ಹಿಂಜಿ ಮತ್ತೆ ತುಂಬಿ ಕೊಡುತ್ತಿದ್ದರು. ಈಗ ಆ ಕಸುಬಿನವರನ್ನು ಹುಡುಕುವುದೇ ಕಷ್ಟ.

ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಒಳ್ಳೆಯದಲ್ಲವೇ? ಬಾಗುವುದೆಲ್ಲ ಮೆತ್ತಗಿರುತ್ತದಲ್ಲ?

ಎರಡೂ ಪೂರ್ತಿ ನಿಜವಲ್ಲ. 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದರಲ್ಲಿ ದೀರ್ಘಕಾಲದ ಸೊಂಟನೋವಿದ್ದ 313 ಜನರಿಗೆ ಗಟ್ಟಿ ಹಾಸಿಗೆ ಅಥವಾ ಮಧ್ಯಮ ಗಟ್ಟಿತನದ ಹಾಸಿಗೆ ಕೊಟ್ಟು ನೋಡಿದಾಗ ಮಧ್ಯಮದ್ದೇ ಹೆಚ್ಚು ಅನುಕೂಲವೆಂದು ಕಂಡಿತು. ನೆಲದ ಮೇಲೆ ಚಾಪೆ ಹಾಸಿ ಮಲಗಿ ಬೆಳೆದವರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ, ನಮ್ಮ ಮನೆಯಲ್ಲಿ ಇನ್ನೂ ವಾದ ಮುಗಿದಿಲ್ಲ. ಮಧ್ಯಮ ಗಟ್ಟಿತನದ ಲೇಟೆಕ್ಸ್ ಅಥವಾ ಎಚ್‌ಆರ್ ಫೋಮ್ ಆಧಾರವನ್ನೂ ಕೊಡುತ್ತದೆ, ಬಾಗುತ್ತದೆ ಕೂಡ. ಹೊಟ್ಟೆಯ ಮೇಲೆ ಬೋರಲು ಮಲಗುವ ಅಭ್ಯಾಸವಿದ್ದರೆ ಮಾತ್ರ ಬೇಸನ್ನು ಚಪ್ಪಟೆಯಾಗಿಯೇ ಇಡಬೇಕು. ಎತ್ತಿದರೆ ಬೆನ್ನು ಹಿಮ್ಮುಖವಾಗಿ ಬಾಗುತ್ತದೆ.

ಎಷ್ಟು ದಪ್ಪ ಇರಬೇಕು?

ಒಂಟಿ ಮಂಚಕ್ಕೆ 6ರಿಂದ 8 ಇಂಚು, ಇಬ್ಬರಿಗೆ 8ರಿಂದ 10 ಇಂಚು. ನಾಲ್ಕು ಇಂಚಾದರೆ ಹಲಗೆಯ ಸಂದುಗಳು ಬೆನ್ನಿಗೆ ತಾಗುತ್ತವೆ. ಹನ್ನೆರಡನ್ನು ದಾಟಿದರೆ ಮೇಲೆ ಹೇಳಿದ ಲೆಕ್ಕದ ಪ್ರಕಾರ ಮೇಲ್ಮೈ ಸುಕ್ಕುಗಟ್ಟಿ ಸೊಂಟದ ಬಳಿ ಉಬ್ಬುತ್ತದೆ. ಹಾಸಿಗೆಯ ಮೇಲೆ ದಪ್ಪನೆಯ ಪಿಲ್ಲೋ ಟಾಪ್ ಹೊಲಿದಿದ್ದರೆ ಅದನ್ನೂ ದಪ್ಪಕ್ಕೆ ಸೇರಿಸಿ ಎಣಿಸಬೇಕು.

ಮನೆಯಲ್ಲಿರುವ ಹಾಸಿಗೆ ನಡೆಯುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ?

ಒಂದು ಮರದ ಕುರ್ಚಿ ಸಾಕು. ಕುರ್ಚಿಯನ್ನು ಮುಂದಕ್ಕೆ ಮಗುಚಿ, ಆಸನದ ಮುಂದಿನ ಅಂಚು ಮತ್ತು ಒರಗುಹಲಗೆಯ ತುದಿ ನೆಲಕ್ಕೆ ತಾಗುವಂತೆ ಇಟ್ಟರೆ ಬೆನ್ನಿನ ಭಾಗ ಇಳಿಜಾರಾಗಿ ನಿಲ್ಲುತ್ತದೆ. ಹಿಂದೆ ಮನೆಯಲ್ಲಿ ಕಾಯಿಲೆಯವರನ್ನು ಒರಗಿಸಿ ಕೂರಿಸಲು ಹೀಗೇ ಮಾಡುತ್ತಿದ್ದರು. ಹಾಸಿಗೆಯನ್ನು ನೆಲಕ್ಕೆ ಹಾಸಿ, ಅದರ ತಲೆಭಾಗದ ಕೆಳಗೆ ಈ ಇಳಿಜಾರನ್ನು ತಳ್ಳಿ, ಒಬ್ಬರು ಮಲಗಿ. ಇನ್ನೊಬ್ಬರು ಬಾಗಿದ ಜಾಗದಲ್ಲಿ ಪಕ್ಕದಿಂದ ಕೈ ತೂರಿಸಿ ನೋಡಲಿ. ಬೆರಳು ಮಾತ್ರ ಹೋದರೆ ಹಾಸಿಗೆ ಒಪ್ಪಿತು ಎಂದರ್ಥ. ಮುಷ್ಟಿ ಹೋದರೆ ಒಪ್ಪಲಿಲ್ಲ. ಅರ್ಧ ಗಂಟೆ ಹಾಗೇ ಬಿಟ್ಟು, ಕುರ್ಚಿ ತೆಗೆದ ಮೇಲೆ ಮೇಲ್ಮೈಯಲ್ಲಿ ಗೆರೆ ಉಳಿದಿದೆಯೇ ಎಂಬುದನ್ನೂ ಗಮನಿಸಿ.

ಬೇಸ್ ಎಷ್ಟು ಭಾರ ತಾಳುತ್ತದೆ?

ಬೇಸ್‌ನ ಚೀಟಿಯಲ್ಲಿ ಬರೆದ ಮಿತಿಯಲ್ಲಿ ಹಾಸಿಗೆಯ ತೂಕವೂ ಸೇರಿರುತ್ತದೆಯೇ ಎಂದು ಕೇಳಿ, ಬಹುಪಾಲು ಸೇರಿರುತ್ತದೆ. 59 ಕಿಲೋ ಲೇಟೆಕ್ಸ್, 80 ಮತ್ತು 70 ಕಿಲೋದ ಇಬ್ಬರು ಎಂದರೆ 209 ಕಿಲೋ. ಇನ್ನು ಬೆಳಿಗ್ಗೆ ಬಂದು ಹಾರಿ ಬೀಳುವ ಮೊಮ್ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಬೇಕು. ಎತ್ತಿ ನಿಲ್ಲಿಸಿದ ತಲೆಭಾಗದ ಅಥವಾ ಕಾಲುಭಾಗದ ಮೇಲೆ ಯಾರೂ ಕೂರಬಾರದು. ಇಡೀ ಭಾರ ಒಂದೇ ದಂಡದ ಮೇಲೆ ಬಿದ್ದು ಕೆಡುವುದು ಹೀಗೆಯೇ.

ನಮ್ಮ ಸ್ಟೋರೇಜ್ ಮಂಚದೊಳಗೆ ಇದನ್ನು ಕೂರಿಸಬಹುದೇ?

ಕಾಲುಗಳನ್ನು ತೆಗೆದು ಚಪ್ಪಟೆ ಹಲಗೆಯ ಮೇಲೆ ಕೂರಿಸಬಹುದಾದ ಮಾದರಿಗಳಿವೆ. ಆದರೆ ಆ ಹಲಗೆಯ ಕೆಳಗಿನ ಪೆಟ್ಟಿಗೆಯನ್ನು ಆಮೇಲೆ ತೆರೆಯುವುದು ಮರೆತುಬಿಡಿ. ಬೇಸಿನ ತೂಕವೊಂದೇ ಐವತ್ತು ಅರವತ್ತು ಕಿಲೋ ದಾಟಬಹುದು. ಒಳ ಅಳತೆಯನ್ನು ಮೂರು ಕಡೆ ತೆಗೆದುಕೊಳ್ಳಿ, ಬಡಗಿಯ ಮಂಚಗಳು ಎರಡೂ ತುದಿಯಲ್ಲಿ ಒಂದೇ ಅಗಲ ಇರುವುದು ಅಪರೂಪ. ತಲೆಭಾಗ ಏಳುವಾಗ ಹಿಂದಕ್ಕೆ ಸರಿದುಕೊಳ್ಳುವ ವ್ಯವಸ್ಥೆ ಬೇಸ್‌ನಲ್ಲಿದ್ದರೆ ಪಕ್ಕದ ಟೇಬಲ್ಲಿನ ನೀರಿನ ಲೋಟ ಕೈಗೆ ಎಟುಕುತ್ತಲೇ ಇರುತ್ತದೆ. ಇಲ್ಲದಿದ್ದರೆ ಎದ್ದು ಕೂತಾಗ ಒಂದು ಮೊಳ ಹಿಂದೆ ಉಳಿಯುತ್ತದೆ.

ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಭಂಗಿ ಬೇಕು.

ಎರಡು ಒಂಟಿ ಬೇಸ್‌ಗಳನ್ನು ಅಕ್ಕಪಕ್ಕ ಜೋಡಿಸಿ, 78×36 ಇಂಚಿನ ಎರಡು ಹಾಸಿಗೆ ಹಾಕಬೇಕು. ನಡುವೆ ಒಂದು ಸಂದು ಉಳಿಯುತ್ತದೆ, ಅದನ್ನು ಬಟ್ಟೆ ತುರುಕಿ ಮುಚ್ಚಲು ಹೋಗಬೇಡಿ. ಒಂದು ಬದಿ ಏಳುವಾಗ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಮೆಟ್ಟಿಲು ಇಕ್ಕಟ್ಟಾಗಿರುವ ಮನೆಗೆ ಸಾಗಿಸಲೂ ಎರಡು ತುಂಡೇ ಅನುಕೂಲ.

ಕರೆಂಟ್ ಹೋದರೆ ಎತ್ತಿದ ಮಂಚ ಹಾಗೇ ಉಳಿಯುತ್ತದೆಯೇ?

ಉಳಿಯುತ್ತದೆ, ಕುಸಿಯುವುದಿಲ್ಲ, ಇಳಿಯುವುದೂ ಇಲ್ಲ. ಹಲವು ಮಾದರಿಗಳಲ್ಲಿ 9 ವೋಲ್ಟಿನ ಎರಡು ಬ್ಯಾಟರಿ ಹಾಕುವ ಪುಟ್ಟ ಪೆಟ್ಟಿಗೆ ಇರುತ್ತದೆ, ಅದರ ಬಲದಿಂದ ಒಂದು ಸಲ ಚಪ್ಪಟೆ ಮಾಡಬಹುದು. ಆ ಬ್ಯಾಟರಿಗಳು ಬೇಸ್‌ನೊಂದಿಗೆ ಬಾರದೇ ಇರುವುದೂ ಉಂಟು, ಹಾಕದೇ ಮರೆಯುವುದಂತೂ ಸಾಮಾನ್ಯ. ಮನೆಯಲ್ಲಿ ಯುಪಿಎಸ್ ಇದೆ ಎಂದು ನಿಶ್ಚಿಂತರಾಗಬೇಡಿ: ನಮ್ಮ ಮನೆಗಳಲ್ಲಿ ಯುಪಿಎಸ್ ಲೈನ್ ಕೊಟ್ಟಿರುವುದು ಹೆಚ್ಚಾಗಿ ದೀಪ ಮತ್ತು ಫ್ಯಾನ್‌ಗಳಿಗೆ, ಮಂಚದ ಹಿಂದಿನ ಪ್ಲಗ್ಗಿಗಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಆ ಒಂದು ಪಾಯಿಂಟನ್ನು ಬದಲಿಸಿಕೊಳ್ಳಿ, ಅರ್ಥಿಂಗ್ ಇದೆಯೇ ಎಂದೂ ನೋಡಿಸಿಕೊಳ್ಳಿ.

ಅಮೆರಿಕದಲ್ಲಿರುವ ಮಗ ಅಲ್ಲಿಂದ ಕಳಿಸುತ್ತೇನೆ ಎನ್ನುತ್ತಾನೆ. ತರಿಸಬಹುದೇ?

ನಾನಾಗಿದ್ದರೆ ಬೇಡ ಎನ್ನುತ್ತೇನೆ. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಪ್ಲಗ್ ಬದಲಿಸಿ ಬಳಸಬಹುದು. 120 ವೋಲ್ಟ್ ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿಗೆ ಚುಚ್ಚಿದ ಕ್ಷಣವೇ ಸುಡುತ್ತದೆ. ಅಲ್ಲಿನ ಒಂಟಿ ಬೇಸ್ ಅಳತೆ 38×80 ಇಂಚು, ನಮ್ಮದು 36×78ರ ಆಸುಪಾಸು. ಹಾಸಿಗೆ, ಬೆಡ್‌ಶೀಟ್ ಎಲ್ಲವನ್ನೂ ಹೇಳಿ ಮಾಡಿಸಬೇಕಾಗುತ್ತದೆ. ಮೋಟರ್ ಕೆಟ್ಟರೆ ಬಿಡಿಭಾಗಕ್ಕೆ ಯಾರನ್ನು ಕೇಳುವುದು? ಆ ಹಣವನ್ನು ಮಗ ಇಲ್ಲಿಗೇ ಕಳಿಸಿದರೆ ಹೆಚ್ಚು ಉಪಯೋಗ.

ಬೆಡ್‌ಶೀಟ್ ನಿಲ್ಲುವುದಿಲ್ಲ, ಹಾಸಿಗೆ ಕೆಳಗೆ ಜಾರುತ್ತದೆ.

ಸುತ್ತಲೂ ಎಲಾಸ್ಟಿಕ್ ಇರುವ, ಹಾಸಿಗೆಯ ದಪ್ಪಕ್ಕಿಂತ ನಾಲ್ಕಿಂಚು ಹೆಚ್ಚು ಆಳದ ಶೀಟನ್ನು ಹಾಕಿ. ಕಾಲಬದಿಯಲ್ಲಿ ಹಾಸಿಗೆಯನ್ನು ತಡೆಹಿಡಿಯುವ ಕಂಬಿ ಇರಬೇಕು. ಜಾರುವುದು ನಿಲ್ಲದಿದ್ದರೆ ನಡುವೆ ರಬ್ಬರಿನ ಜಾಳಿಗೆ ಹಾಸಿ.

ಹಾಸಿಗೆಯನ್ನು ಬಿಸಿಲಿಗೆ ಹಾಕಬಹುದೇ?

ಹತ್ತಿಯ ಗಾದಿಯನ್ನು ತಾರಸಿಯ ಮೇಲೆ ಬಿಸಿಲಿಗೊಡ್ಡಿ ಕೋಲಿನಿಂದ ಬಡಿಯುವುದು ನಮ್ಮ ಒಳ್ಳೆಯ ಅಭ್ಯಾಸ. ಲೇಟೆಕ್ಸಿಗೆ ಅದೇ ಮೃತ್ಯು. ಬಿಸಿಲು ತಾಗಿದರೆ ರಬ್ಬರ್ ಹಳದಿಯಾಗಿ, ಗಡುಸಾಗಿ, ಪುಡಿಯಾಗುತ್ತದೆ. ಹೊದಿಕೆಯನ್ನು ಮಾತ್ರ ಒಗೆದು ಒಣಗಿಸಿ, ಹಾಸಿಗೆಯನ್ನು ನೆರಳಲ್ಲಿ ಫ್ಯಾನಿನ ಕೆಳಗೆ ಆರಿಸಿ. ಕರಾವಳಿಯವರು ಮಳೆಗಾಲದಲ್ಲಿ ಬೇಸ್‌ನ ಕೀಲುಗಳಿಗೆ ತುಕ್ಕು ಹಿಡಿದಿದೆಯೇ ಎಂದು ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡಬೇಕು.

ಮಕ್ಕಳು, ಬೆಕ್ಕು ಇರುವ ಮನೆ.

ಇಳಿಸುವ ಮುಂಚೆ ಕೆಳಗೆ ಬಗ್ಗಿ ನೋಡುವುದನ್ನು ಮನೆಯವರೆಲ್ಲ ರೂಢಿ ಮಾಡಿಕೊಳ್ಳಬೇಕು. ಬೆಚ್ಚಗಿನ ಮೂಲೆ ಹುಡುಕುವ ಬೆಕ್ಕಿಗೆ ಮೋಟರಿನ ಪಕ್ಕ ಬಹಳ ಇಷ್ಟ. ರಿಮೋಟಿಗೆ ಮಕ್ಕಳ ಲಾಕ್ ಇದ್ದರೆ ಬಳಸಿ.

ಕೊಳ್ಳುವ ದಿನ ಅಂಗಡಿಯಲ್ಲಿ ಏನೇನು ಮಾಡಿ ನೋಡಬೇಕು?

ಬಳಸುವವರನ್ನೇ ಕರೆದುಕೊಂಡು ಹೋಗಿ. ಅಂಗಡಿಯಲ್ಲಿ ತೋರಿಸಲು ಇಟ್ಟಿರುವ ಹಾಸಿಗೆಯ ಮೇಲಲ್ಲ, ನೀವು ಕೊಳ್ಳಲಿರುವ ಹಾಸಿಗೆಯನ್ನೇ ಆ ಬೇಸಿನ ಮೇಲೆ ಹಾಕಿಸಿ, ಪೂರ್ತಿ ಎತ್ತಿಸಿ, ಕೀಲಿನ ಬಳಿ ಕೈ ತೂರಿಸಿ ನೋಡಿ. ಚಪ್ಪಟೆಯಾಗಿದ್ದಾಗ ಹಾಸಿಗೆಯ ಮೇಲ್ಮೈ ಮಂಡಿಯ ಎತ್ತರಕ್ಕೆ ಬಂದರೆ ಎದ್ದು ನಿಲ್ಲುವುದು ಸುಲಭ. ಬೇಸ್‌ನ ಕಾಲು ಮತ್ತು ಹಾಸಿಗೆಯ ದಪ್ಪ ಎರಡನ್ನೂ ಕೂಡಿಸಿ ಅಳೆಯಿರಿ. ಬೇಸ್ ಮತ್ತು ಹಾಸಿಗೆ ಬೇರೆ ಬೇರೆ ಕಡೆಯಿಂದ ಕೊಳ್ಳುವುದಾದರೆ, ಅಡ್ಜಸ್ಟಬಲ್ ಬೇಸ್ ಮೇಲೆ ಬಳಸಿದರೂ ಹಾಸಿಗೆಯ ವಾರಂಟಿ ಉಳಿಯುತ್ತದೆ ಎಂದು ಬರಹದಲ್ಲಿ ಪಡೆಯಿರಿ.

ಕೊನೆಗೆ ರಿಮೋಟನ್ನು ಅವರ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಮಂಚವನ್ನು ಚಪ್ಪಟೆ ಮಾಡಲು ಹೇಳಿ. ಹದಿನೈದು ಗುಂಡಿಗಳ ರಿಮೋಟಿನಲ್ಲಿ ರಾತ್ರಿ ಎರಡು ಗಂಟೆಗೆ, ಕನ್ನಡಕವಿಲ್ಲದೆ, ಬಚ್ಚಲಿಗೆ ಹೋಗುವ ಅವಸರದಲ್ಲಿ ಅವರಿಗೆ ಬೇಕಾಗುವುದು ಆ ಒಂದೇ ಗುಂಡಿ. ನಮ್ಮ ಮನೆಯದರ ಮೇಲೆ ಅಮ್ಮ ತನ್ನ ಸ್ಟಿಕ್ಕರ್ ಬಿಂದಿಯೊಂದನ್ನು ಅಂಟಿಸಿಕೊಂಡಿದ್ದಾರೆ. ಬೆರಳಿಗೆ ತಾಗುತ್ತದೆ, ಉದುರಿದರೆ ಇನ್ನೊಂದು ಅಂಟಿಸುತ್ತಾರೆ.